ಬೆದೆಗಾಲದ ಟಗರುಗಳನ್ನು ನೋಡಲು ಪುಣೆಯಿಂದ ಲಡಾಖ್‌ಗೆ

ಡಿಸೆಂಬರ್ ರಜೆ ಬಂತೆಂದರೆ ಪುಣೆ, ಮುಂಬೈಯ ನಮ್ಮ ಕನ್ನಡ ಗೆಳೆಯರ ಬಳಗ ಗೋವಾ ಕಡೆ ಹೊರಡುತ್ತದೆ. ಕ್ಯಾಮೆರಾ ಹುಚ್ಚಿರುವವರಿಗೆ ನಾನು ಹೇಳುವುದು ಲಡಾಖ್. ನವೆಂಬರ್ ಕೊನೆಯಿಂದ ಜನವರಿ ಶುರುವಿನವರೆಗೆ ಅಲ್ಲಿ ಭರಲ್‌ಗಳು, ಅಂದರೆ ನೀಲಿ ಕುರಿಗಳು, ಬೆದೆಗೆ ಬರುತ್ತವೆ. ಬೇರೆ ಕಾಲದಲ್ಲಿ ದೂರದೂರ ಮೇಯುವ ದೊಡ್ಡ ಟಗರುಗಳು ಆಗ ಹೆಣ್ಣುಗಳ ಬೆನ್ನು ಬಿಡುವುದಿಲ್ಲ.

ಲೇಹ್ 3,500 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದ ಮೇಲೆ ಎರಡು ದಿನ ಸುಮ್ನೆ ಮಲಗಿರಿ, ಇದರಲ್ಲಿ ರಾಜಿ ಬೇಡ. ಹವೆ ಕೆಟ್ಟರೆ ವಿಮಾನ ರದ್ದಾಗುತ್ತದೆ, ವಾಪಸಾತಿಗೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಪೋಸ್ಟ್‌ಪೇಯ್ಡ್ ಸಿಮ್ ಇರಲಿ. ಹೊರಡುವ ಮುನ್ನ ಕೆಲವು ಭಾನುವಾರ ಲೆನ್ಸ್ ಚೀಲ ಹೊತ್ತು ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ. ಕಾಲಿಗೂ ಭುಜಕ್ಕೂ ಅದು ಒಳ್ಳೆಯ ತಯಾರಿ.

ಮೊದಲು ನಿಮ್ಮು, ಲಿಕಿರ್ ಕಡೆಯ ಸಿಂಧೂ ಕಣಿವೆಗೆ ಹೋಗಿ. ಅಲ್ಲಿ ಉರಿಯಲ್ ಎಂಬ ಕಾಡು ಕುರಿ ರಸ್ತೆಯಿಂದ ದೂರವಿಲ್ಲದ ಗುಡ್ಡಗಳಲ್ಲೇ ಸಿಗಬಹುದು. ಆಮೇಲೆ ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಹಳ್ಳಿಗೆ. ಊರಿನವರ ಮನೆಯಲ್ಲೇ ಉಳಿದು, ಊರಿನವರನ್ನೇ ಗೈಡ್ ಮಾಡಿಕೊಳ್ಳಿ. ಬೂದು ಕಲ್ಲಿನ ನಡುವೆ ಭರಲ್ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅವರಿಗೆ ಕಂಡಿರುತ್ತದೆ.

ಎಲ್ಲರಿಗೂ ಬೇಕಾದದ್ದು ಕಾಳಗದ ಫೋಟೋ. ನಮ್ಮ ಉತ್ತರ ಕರ್ನಾಟಕದ ಟಗರಿನ ಕಾಳಗ ನೋಡಿದವರಿಗೆ ಗೊತ್ತಲ್ವಾ, ಅವು ಹಿಂದೆ ಸರಿದು ಓಡಿಬಂದು ಡಿಕ್ಕಿ ಹೊಡೆಯುತ್ತವೆ. ಭರಲ್ ಹಾಗಲ್ಲ. ಆಡಿನಂತೆ ಹಿಂಗಾಲ ಮೇಲೆ ಎದ್ದು, ಕುತ್ತಿಗೆ ಓರೆ ಮಾಡಿ, ಮೇಲಿನಿಂದ ಬೀಳುತ್ತದೆ. ಅದಕ್ಕೇ ಫ್ರೇಮಿನಲ್ಲಿ ತಲೆಯ ಮೇಲೆ ಸಾಕಷ್ಟು ಜಾಗ ಬಿಡಿ, ಇಲ್ಲದಿದ್ದರೆ ಕೊಂಬು ಕತ್ತರಿಸಿಹೋಗುತ್ತದೆ. ಶಟರ್ ವೇಗ 1/1600 ಸೆಕೆಂಡಿಗಿಂತ ಕಮ್ಮಿ ಬೇಡ. ಮುಂಗಾಲು ನೆಲ ಬಿಟ್ಟ ಕ್ಷಣವೇ ಒತ್ತಲು ಶುರು ಮಾಡಿ.

ಆದರೆ ಕಾಳಗಕ್ಕೇ ಕಾದು ಕೂತರೆ ಬಹಳಷ್ಟು ತಪ್ಪಿಹೋಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಅದಲ್ಲ. ಟಗರು ಕುತ್ತಿಗೆ ಕೆಳಗೆ ಚಾಚಿ, ನಾಲಿಗೆ ಚಾಚುತ್ತಾ ಹೆಣ್ಣಿನ ಹಿಂದೆ ನಡೆಯುತ್ತದೆ. ಅವಳು ಮೂತ್ರ ಮಾಡಿದರೆ ಮೂಸುತ್ತದೆ. ತಲೆ ಎತ್ತಿ ಮೇಲ್ತುಟಿ ಸುರುಳಿ ಮಾಡಿ ಹಾಗೇ ನಿಲ್ಲುತ್ತದೆ. ಅವಳು ಬೆದೆಗೆ ಬಂದಿದ್ದಾಳೋ ಇಲ್ಲವೋ ಟಗರಿಗೆ ತಿಳಿಯುವುದು ಹೀಗೆ. ಈ ಹೊತ್ತಿನಲ್ಲಿ ಕಣ್ಣಿಗೆ ಫೋಕಸ್ ಹಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ.

ಮೇಲಿನಿಂದ ಇಳಿದುಹೋಗಬೇಡಿ. ಅವಕ್ಕೆ ನೀವು ಕಾಣುವಂತೆಯೇ ಕೆಳಗೆ ಕೂತಿರಿ. ಹಿಂಡಿಗೆ ಹಿಂಡೇ ತಲೆ ಎತ್ತಿ ನಿಮ್ಮನ್ನು ನೋಡಿದರೆ ನೀವು ಅತಿ ಹತ್ತಿರ ಬಂದಿದ್ದೀರಿ. ಬೆದೆಗಾಲದಲ್ಲಿ ಟಗರುಗಳು ಸರಿಯಾಗಿ ಮೇಯುವುದಿಲ್ಲ, ಮುಂದೆ ಇಡೀ ಚಳಿಗಾಲ ಕಳೆಯಬೇಕು. ಒಂದು ಫೋಟೋಗಾಗಿ ಅವನ್ನು ಗುಡ್ಡ ಹತ್ತಿಸಿ ಓಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡ್ರೋನ್ ಅಂತೂ ತರಲೇಬೇಡಿ.

ಹಿಮವಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ, ಬರೀ ಕಲ್ಲಿದ್ದರೆ ಬೇಡ. ಬಿಸಿಲೇರಿದ ಮೇಲೆ ಗಾಳಿ ಅಲುಗಿ ದೂರದ ಚಿತ್ರ ಮಸುಕಾಗುತ್ತದೆ, ಬೆಳಗಿನ ಕೆಲಸವೇ ವಾಸಿ. ಬ್ಯಾಟರಿಗಳನ್ನು ಒಳ ಜೇಬಿನಲ್ಲಿ ಇಡಿ, ಪಕ್ಕದ ಜೇಬಿನಲ್ಲಿ ಲೋಣಾವಳದ ಚಿಕ್ಕಿ ಇರಲಿ. ಸಂಜೆ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುವ ಕೋಣೆಗೆ ಬರುವ ಮೊದಲು ಹೊರಗೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ. ಒಳಗೆ ಬಂದ ಮೇಲೆ ಒಂದೆರಡು ಗಂಟೆ ತೆರೆಯಬೇಡಿ, ತೆರೆದರೆ ಲೆನ್ಸ್ ಒಳಗೆಲ್ಲ ನೀರಹನಿ ಕೂರುತ್ತದೆ.