ಕಾರವಾರದ ಉದ್ಯಾನದ ಮರಿಗಳು: ಮಳೆ ಹಿಡಿಯುವ ಮುನ್ನ

ಟ್ಯಾಗೋರ್ ಕಡಲತೀರದ ಬಳಿಯ ಉದ್ಯಾನದಲ್ಲಿ ಬೇಸಿಗೆಯ ಹಕ್ಕಿಮರಿಗಳನ್ನು ದಾಖಲಿಸುವ ನನ್ನ ಕೆಲಸ ಜೂನ್ ಹೊತ್ತಿಗೆ ಒಂದು ಹಂತ ತಲುಪಿದೆ. ಮಾರ್ಚ್‌ನಲ್ಲಿ ಗೂಡುಗಳ ನಕ್ಷೆ ಮಾಡುವುದಷ್ಟೇ ಉದ್ದೇಶವಾಗಿತ್ತು; ಆದರೆ ಮರಿಗಳ ನಿಜವಾದ ಪರದಾಟ ಗೂಡು ಬಿಟ್ಟ ಮೇಲೆ ಶುರುವಾಗುವುದರಿಂದ, ಈಗ ಹೊರಬಂದ ಮರಿಗಳ ಕುರಿತೇ ಹೆಚ್ಚು ಬರೆದಿಡುತ್ತಿದ್ದೇನೆ.

ದಾಸವಾಳದ ಬೇಲಿಯಲ್ಲಿ ಗೂಡು ಕಟ್ಟಿದ್ದ ಕೆಮ್ಮೀಸೆ ಪಿಕಳಾರದ ಮರಿಗಳು ಏಪ್ರಿಲ್ ಕೊನೆಯಲ್ಲಿ ಹೊರಬಂದವು. ಮೊಟ್ಟೆಯೊಡೆದು ಸುಮಾರು 12 ದಿನಕ್ಕೆ, ಸರಿಯಾಗಿ ಹಾರಲು ಬಾರದ ಸ್ಥಿತಿಯಲ್ಲೇ ಅವು ಗೂಡು ಬಿಡುತ್ತವೆ. ಕೆನ್ನೆಯ ಕೆಂಪು ಇನ್ನೂ ಮೂಡಿರುವುದಿಲ್ಲ, ಬಾಲದ ಬುಡದಲ್ಲಿ ಮಾಸಲು ಕಿತ್ತಳೆ ಬಣ್ಣವಷ್ಟೇ ಇರುತ್ತದೆ. ನೆಲದಲ್ಲಿ ಕುಪ್ಪಳಿಸುವ ಇಂಥ ಮರಿಯನ್ನು ಅನಾಥವೆಂದು ಭಾವಿಸಿ ಮನೆಗೊಯ್ಯುವವರ ಕನಿಕರ ದೊಡ್ಡದಾದರೂ, ತಾಯಿತಂದೆ ಹುಳ ಕಚ್ಚಿಕೊಂಡು ಪಕ್ಕದ ಕೊಂಬೆಯಲ್ಲೇ ಕಾದಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಕೋಗಿಲೆ. ಕಾಗೆಯ ಗೂಡಿನಲ್ಲಿಟ್ಟ ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಮೂರ್ನಾಲ್ಕು ದಿನ ಮೊದಲೇ ಒಡೆಯುತ್ತದೆ, ಆ ಮುನ್ನಡೆಯೇ ಮರಿಯ ಬಂಡವಾಳ. ಅದು ಯುರೋಪಿನ ಕುಕ್ಕೂ ಮರಿಯಂತೆ ಜೊತೆಯವರನ್ನು ಹೊರದಬ್ಬುವುದು ಸಾಮಾನ್ಯವಲ್ಲ. ಮೊದಲು ಬೆಳೆದು ತುತ್ತಿನ ದೊಡ್ಡ ಪಾಲನ್ನು ಪಡೆದುಕೊಳ್ಳುತ್ತದೆ. ಮೇ ತಿಂಗಳ ಒಂದು ಬೆಳಿಗ್ಗೆ ಗಾಳಿಮರದ ತಗ್ಗು ಕೊಂಬೆಯಲ್ಲಿ ಉದ್ದ ಬಾಲದ ಕಪ್ಪು ಮರಿಯೊಂದು ರೆಕ್ಕೆ ನಡುಗಿಸುತ್ತ ಬಾಯಿ ತೆರೆದಿತ್ತು. ಕಾಗೆ ದಂಡೆಯಿಂದ ತಂದ ಬಂಗಡೆಯ ಚೂರನ್ನು ಅದರ ಗಂಟಲಿನೊಳಗೆ ತುರುಕಿ, ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡು ಮತ್ತೆ ದಂಡೆಗೆ ಹೋಯಿತು. ಮುಂದೆ ಹಣ್ಣನ್ನೇ ನಂಬಿ ಬದುಕುವ ಹಕ್ಕಿ ಬಾಲ್ಯವನ್ನು ಮೀನಿನ ಮೇಲೆ ಕಳೆಯುವುದು ನಮ್ಮ ಕರಾವಳಿಗೆ ತಕ್ಕುದೇ ಆಗಿದೆ.

ಟಿಟ್ಟಿಭದ ಮರಿಗಳ ಬಗ್ಗೆ ಬರೆಯಲು ಹೆಚ್ಚೇನೂ ಸಿಗಲಿಲ್ಲ. ಮೊಟ್ಟೆಯೊಡೆದ ಕೆಲವೇ ತಾಸುಗಳಲ್ಲಿ ಅವು ನಡೆಯುತ್ತವೆ. ದೊಡ್ಡವು ಕೂಗಿದೊಡನೆ ನೆಲಕ್ಕೆ ಅಂಟಿ ಕೂತರೆ ಜಲ್ಲಿಕಲ್ಲಿನ ನಡುವೆ ಗುರುತಿಸುವುದು ಅಸಾಧ್ಯ.

ಬೇಲಿ ಕತ್ತರಿಸುವ ಕೆಲಸವನ್ನು ಎರಡನೆಯ ಸರದಿಯ ಪಿಕಳಾರಗಳು ಹಾರುವವರೆಗೆ ತಡೆಹಿಡಿಯಲು ತೋಟದ ಮಾಲಿ ಒಪ್ಪಿದ್ದಾರೆ. ಮಳೆ ಹಿಡಿದ ಮೇಲೆ ಹುಲ್ಲು ಎತ್ತರಕ್ಕೆ ಬೆಳೆದು ಚುಕ್ಕೆ ರಾಟವಾಳವೆಂಬ ಪುಟ್ಟ ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ, ಮುಂದಿನ ಟಿಪ್ಪಣಿಗಳು ಉದ್ಯಾನದ ಹಿಂಬದಿಯ ಹುಲ್ಲುಗಾವಲಿನಿಂದ ಬರಲಿವೆ.