ದಿನಕ್ಕೆ ಐದೇ ಮೀನು

ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮನೆಯೂಟಕ್ಕೆಂದು ಕಾಡ್ ಮೀನು ಹಿಡಿಯುವವರಿಗೆ ಕಟ್ಟುನಿಟ್ಟಾದ ಮಿತಿಯಿದೆ. ಒಬ್ಬರಿಗೆ ದಿನಕ್ಕೆ 5, ಇಡೀ ದೋಣಿಗೆ ಹೆಚ್ಚೆಂದರೆ 15. ಅದೂ ಬೇಸಿಗೆಯ ವಾರಾಂತ್ಯಗಳಲ್ಲಿ ಮತ್ತು ಚಳಿ ಶುರುವಾಗುವ ಮುನ್ನ ಕೆಲವು ದಿನ ಮಾತ್ರ. ಮಲ್ಪೆ ಬಂದರಿನಲ್ಲಿ ಬಂಗುಡೆ, ಬೂತಾಯಿಯ ರಾಶಿ ನೋಡುತ್ತ ಬೆಳೆದ ನನಗೆ ಈ ದ್ವೀಪದ ಸೇಂಟ್ ಜಾನ್ಸ್ ನಗರಕ್ಕೆ ಬಂದ ಹೊಸತರಲ್ಲಿ ಈ ಲೆಕ್ಕ ತಲೆಗೆ ಹತ್ತಲೇ ಇಲ್ಲ.

1497ರಲ್ಲಿ ನಾವಿಕ ಜಾನ್ ಕ್ಯಾಬಟ್ ಈ ಕಡೆ ಬಂದು ಹೋದಾಗ, ಬುಟ್ಟಿ ಇಳಿಬಿಟ್ಟರೂ ಮೀನು ಸಿಗುವ ಕಡಲಿದು ಎಂಬ ಸುದ್ದಿ ಯುರೋಪಿಗೆ ಮುಟ್ಟಿತ್ತು. ಆಮೇಲೆ ಶತಮಾನಗಳ ಕಾಲ ಗಾಳದಲ್ಲಿ, ಬಲೆಯಲ್ಲಿ ಹಿಡಿದು, ಉಪ್ಪು ಹಾಕಿ ಒಣಗಿಸಿ ಮಾರಿದರು. ಕಡಲು ತಡೆದುಕೊಂಡಿತು. 1950ರ ದಶಕದಿಂದ ಹಿಡಿದ ಮೀನನ್ನು ಅಲ್ಲೇ ಹೆಪ್ಪುಗಟ್ಟಿಸುವ ವಿದೇಶಿ ಟ್ರಾಲರ್‌ಗಳು, ಅಂದರೆ ದೊಡ್ಡ ಬಲೆ ಎಳೆಯುವ ಹಡಗುಗಳು ಬಂದವು. 1968ರ ಒಂದೇ ವರ್ಷ 8 ಲಕ್ಷ ಟನ್‌ಗೂ ಮಿಕ್ಕಿ ಕಾಡ್ ಎತ್ತಿದರು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿಯವರೆಗಿನ ಕಡಲು ತನ್ನದೆಂದು ವಿದೇಶಿಯರನ್ನು ಆಚೆಗಟ್ಟಿತು; ಆ ಜಾಗಕ್ಕೆ ತನ್ನದೇ ಟ್ರಾಲರ್‌ಗಳನ್ನು ಇಳಿಸಿತು.

ಎಡವಟ್ಟಾದದ್ದು ಇಲ್ಲಿ. ಉಳಿದ ಕಾಡ್ ಒಂದೆಡೆ ಗುಂಪುಗೂಡುತ್ತಿತ್ತು, ಟ್ರಾಲರ್‌ಗಳು ಯಂತ್ರದ ನೆರವಿನಿಂದ ಆ ಗುಂಪನ್ನೇ ಹುಡುಕಿ ಬಲೆ ಎಳೆಯುತ್ತಿದ್ದವು. ಹಾಗಾಗಿ ಗಂಟೆಗೆ ಸಿಗುವ ಮೀನು ಕಡಿಮೆಯಾಗಲೇ ಇಲ್ಲ, ಕಡಲು ತುಂಬಿಯೇ ಇದೆ ಎಂದು ಸರ್ಕಾರದ ಲೆಕ್ಕ ಹೇಳಿತು. ದಡದ ಸಣ್ಣ ದೋಣಿಯವರು ಮಾತ್ರ ಮೀನು ಕಮ್ಮಿಯಾಗುತ್ತಿದೆ, ಗಾತ್ರವೂ ಕುಗ್ಗುತ್ತಿದೆ ಎಂದು 1980ರ ದಶಕದುದ್ದಕ್ಕೂ ಕೂಗಿಕೊಂಡರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. 1992ರ ಜುಲೈ 2ರಂದು ಮೀನುಗಾರಿಕಾ ಸಚಿವ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನೇ ನಿಷೇಧಿಸಿದರು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ 32 ವರ್ಷ ಉಳಿಯಿತು. ಯುವಕರು ಊರು ಬಿಟ್ಟರು. ಕೊಲ್ಲಿಗಳ ದಡದ ಎಷ್ಟೋ ಹಳ್ಳಿಗಳಲ್ಲಿ ಈಗ ಇರುವವರು ಮುದುಕರೇ.

ನಮ್ಮ ಪಕ್ಕದ ಮನೆಯ ಹಿರಿಯರು ಆಗ ಕೆಲಸ ಕಳೆದುಕೊಂಡವರು. ಅವರು ತಮ್ಮ ಪಾಲಿನ ಐದು ಮೀನನ್ನು ಹಲಗೆಯ ಮೇಲಿಟ್ಟು ಶುಚಿ ಮಾಡುವಾಗ ನಾನು ಹತ್ತಿರ ನಿಲ್ಲುತ್ತೇನೆ. ಮೊದಲು ಕತ್ತು ಕೊಯ್ದು, ಹೊಟ್ಟೆ ಸೀಳಿ, ತಲೆಯಿಂದ ನಾಲಿಗೆ ಕತ್ತರಿಸಿ ಬೇರೆ ಇಡುತ್ತಾರೆ. ಕರಿದ ನಾಲಿಗೆ ಇಲ್ಲಿಯವರಿಗೆ ಪಂಚಪ್ರಾಣ. ಆಮೇಲೆ ಪ್ರತಿ ಮೀನಿನ ಜಠರವನ್ನೂ ಬಿಡಿಸಿ ನೋಡುತ್ತಾರೆ. ಕಾಡ್‌ನ ಮುಖ್ಯ ಆಹಾರವಾದ ಬೆಳ್ಳಿ ಬಣ್ಣದ ಪುಟ್ಟ ಕ್ಯಾಪಲಿನ್ ಮೀನು ಸಿಕ್ಕರೆ ಮುಖ ಅರಳುತ್ತದೆ. ಬರೀ ಸಣ್ಣ ಏಡಿಯಿದ್ದರೆ, "ಇದು ಹಸಿದ ಮೀನು" ಎನ್ನುತ್ತಾರೆ.

ನಮ್ಮ ಕರ್ನಾಟಕದ ಕರಾವಳಿಯಲ್ಲೂ ಇಂಥ ಕಣ್ಣಿನವರು ಇದ್ದಾರೆ. ಜೂನ್, ಜುಲೈನ 61 ದಿನಗಳ ಮಳೆಗಾಲದ ನಿಷೇಧ ನಮಗಿದೆ, ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಮರಿಮೀನು ಲಾರಿಗಟ್ಟಲೆ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುತ್ತಿದೆ. ಬಂದರಿಗೆ ಎಷ್ಟು ಟನ್ ಬಂತೆಂಬ ಲೆಕ್ಕದಷ್ಟೇ, ಬಂದದ್ದು ಎಷ್ಟು ಉದ್ದದ್ದು ಎಂಬುದನ್ನೂ ಕೇಳಬೇಕು. ನಾಡದೋಣಿಯವರು ಬೂತಾಯಿ ಸಣ್ಣದಾಯಿತು ಎಂದರೆ, ಮೀನುಗಾರಿಕೆ ಇಲಾಖೆಯ ಸಭೆಯಲ್ಲಿ ಆ ಮಾತು ದಾಖಲಾಗಬೇಕು.

2024ರಲ್ಲಿ ಕೆನಡಾ ಸರ್ಕಾರ ನಿಷೇಧ ತೆಗೆದು 18,000 ಟನ್‌ಗೆ ಅನುಮತಿ ಕೊಟ್ಟಿತು. ದೊಡ್ಡ ಟ್ರಾಲರ್‌ಗಳಿಗೂ ಪಾಲು ಸಿಕ್ಕಿತು. ಹಿಂದಿನ ವರ್ಷವಷ್ಟೇ ವಿಜ್ಞಾನಿಗಳು ಅಪಾಯದ ಗೆರೆಯನ್ನೇ, ಅಂದರೆ ಕಡಲಲ್ಲಿ ಮೀನು ಇದಕ್ಕಿಂತ ಕಮ್ಮಿಯಾದರೆ ಅಪಾಯ ಎನ್ನುವ ಮಟ್ಟವನ್ನೇ, ಕೆಳಕ್ಕೆ ಇಳಿಸಿದ್ದರು, ಕಾಡ್ ಆ ಗೆರೆಯ ಮೇಲೆ ಬಂದದ್ದು ಹಾಗೆ. ಇದು ಅವಸರ ಎಂದೇ ನನ್ನ ಅಭಿಪ್ರಾಯ. ಇನ್ನು ಕಾಡ್ ತಿನ್ನುವ ಆ ಕ್ಯಾಪಲಿನ್ ಕೂಡ 1990ರ ಹೊತ್ತಿಗೆ ಕುಸಿದದ್ದು ಇನ್ನೂ ಮೊದಲಿನಂತಾಗಿಲ್ಲ. ಮೊಟ್ಟೆ ತುಂಬಿದ ಹೆಣ್ಣು ಕ್ಯಾಪಲಿನ್‌ಗೆ ಜಪಾನಿನಲ್ಲಿ ಬೇಡಿಕೆಯಿದೆಯೆಂದು ಅದನ್ನೂ ಹಿಡಿಯುತ್ತಲೇ ಇದ್ದಾರೆ. ಮೊದಲು ನಿಲ್ಲಬೇಕಾದದ್ದು ಆ ಬಲೆ.