63ಕ್ಕೆ ನಿಂತ ಸುವರ್ಣ ದಾಂಪತ್ಯ

ಅಪ್ಪ ಅಮ್ಮನ ಮದುವೆಯಾಗಿ 50 ವರ್ಷ. ಬೆಳಗಾದರೆ ತೀರ್ಥಹಳ್ಳಿಯ ಛತ್ರದಲ್ಲಿ ಕಾರ್ಯಕ್ರಮ. ಊಟಕ್ಕೆ ಮುಂಚೆ ತೋರಿಸಲು 38 ನಿಮಿಷದ ವಿಡಿಯೊ ಮಾಡುವ ಕೆಲಸ ನನ್ನ ತಲೆಗೆ ಬಂದಿತ್ತು. ಎಡಿಟಿಂಗ್ ಮುಗಿದಾಗ ರಾತ್ರಿ ಎಂಟು. ಎಲ್ಲವನ್ನೂ ಒಂದೇ ವಿಡಿಯೊ ಫೈಲ್ ಮಾಡುವ ಎಕ್ಸ್‌ಪೋರ್ಟ್ ಒತ್ತಿ, ಊಟ ಮುಗಿಸಿ ಬಂದು ನೋಡಿದರೆ 63 ಪರ್ಸೆಂಟಿಗೆ ನಿಂತಿದೆ. ಎರರ್ ಇಲ್ಲ, ಏನೂ ಇಲ್ಲ. ಸುಮ್ನೆ ನಿಂತಿದೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್. ಸಾಫ್ಟ್‌ವೇರ್ ಕೂಡಿಟ್ಟ ತಾತ್ಕಾಲಿಕ ಫೈಲುಗಳು (ಕ್ಯಾಶ್) ಡಿಲೀಟ್. ಜಾಗ ಸಾಲದೇನೋ ಎಂದು ಸಿ ಡ್ರೈವ್‌ನಲ್ಲಿ 30 ಜಿಬಿ ಖಾಲಿ ಮಾಡಿದೆ. ಮತ್ತೆ 63. ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಬಂದು, ವಿಡಿಯೊ ಫೈಲ್ ಕಟ್ಟುವ ಕೆಲಸವನ್ನು ಅದರಿಂದ ಬಿಡಿಸಿ, ಅಂದರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಬಿಟ್ಟು ಸಾಫ್ಟ್‌ವೇರ್‌ಗೆ ಹಾಕಿದೆ. ಆಗ ಭಾರವೆಲ್ಲ ಪ್ರೊಸೆಸರ್ ಮೇಲೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಒಂದು ಗಂಟೆ ಕೂಗಿತು. ಕೂಗಿ ಕೂಗಿ ಅದೂ 63ಕ್ಕೇ ನಿಂತಿತು.

ಬುದ್ಧಿ ಬಂದಿದ್ದು ಆಗ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮೆಷಿನ್ ಮೇಲೆ ಅನುಮಾನ ಪಡಬೇಕು. ಬಿಸಿಯಾಗಿರಬಹುದು, ಮೆಮೊರಿ ಸಾಲದಿರಬಹುದು. ಪ್ರತಿ ಸಲ ಒಂದೇ ಕಡೆ ನಿಂತರೆ ಆ ಜಾಗದಲ್ಲೇ ಏನೋ ಇದೆ. 38 ನಿಮಿಷದಲ್ಲಿ 63 ಪರ್ಸೆಂಟ್ ಅಂದರೆ ಹೆಚ್ಚುಕಡಿಮೆ 24ನೇ ನಿಮಿಷ. ಎರಡನೇ ಸಲವೇ ಈ ಲೆಕ್ಕ ಹಾಕಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

23ರಿಂದ 25ನೇ ನಿಮಿಷದವರೆಗೆ ಮಾತ್ರ ಗುರುತು ಹಾಕಿ ಎಕ್ಸ್‌ಪೋರ್ಟ್ ಮಾಡಿದೆ. ನಿಂತಿತು. ಅದರಲ್ಲಿ ಅರ್ಧ. ಹೋಯಿತು. ಉಳಿದರ್ಧ. ನಿಂತಿತು! ಹೀಗೆ ಅರ್ಧ ಮಾಡುತ್ತಾ ಹೋದರೆ ಸಿಕ್ಕವರು ಚಿಕ್ಕಪ್ಪ. ಬರುವುದು ಅನುಮಾನ ಎಂದು ಅವರು ಹುಬ್ಬಳ್ಳಿಯಿಂದ ವಾಟ್ಸಾಪ್‌ನಲ್ಲಿ ಕಳಿಸಿದ್ದ ಕ್ಲಿಪ್ಪು. ಪ್ಲೇಯರ್‌ನಲ್ಲಿ ಹಾಕಿದರೆ ಚೆನ್ನಾಗೇ ಓಡುತ್ತದೆ. ಆದರೆ ಅದರಲ್ಲೊಂದು ಫ್ರೇಮ್, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರ, ಕೆಟ್ಟಿತ್ತು. ಪ್ಲೇಯರ್ ಕೆಟ್ಟ ಫ್ರೇಮನ್ನು ಹಾರಿಸಿಕೊಂಡು ಹೋಗಿಬಿಡುತ್ತದೆ. ನನ್ನ ಸಾಫ್ಟ್‌ವೇರ್ ಆ ಫ್ರೇಮ್ ಸಿಗುವವರೆಗೆ ಕಾಯುತ್ತಾ ಕೂತಿತ್ತು. ಜೊತೆಗೆ ಮೊಬೈಲ್ ವಿಡಿಯೊದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ನಿಯಮವೂ ಇರುವುದಿಲ್ಲ. ಕ್ಲಿಪ್ಪನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿ, ಫ್ರೇಮ್ ರೇಟ್ 30ಕ್ಕೆ ಕಟ್ಟಿಹಾಕಿ, ಹೊಸ ಫೈಲ್ ಮಾಡಿಕೊಂಡೆ. 63 ದಾಟಿತು.

ನೂರು ಮುಟ್ಟಿದಾಗ ರಾತ್ರಿ ಒಂದು ಗಂಟೆ. ಎಚ್ಚರವಿದ್ದ ಅಕ್ಕನನ್ನು ಕರೆದು ಖುಷಿಯಿಂದ ತೋರಿಸಿದೆ. ಅವಳು ಕನ್ನಡ ಮೇಡಂ. ಮೊದಲ ಟೈಟಲ್ ಬರುತ್ತಿದ್ದಂತೆ ಕಿರುಚಿದಳು.

"ಏನೋ ಇದು, ದಾಂಪತ್ಯಾನೇ ಮುರಿದುಹೋಗಿದ್ಯಲ್ಲೋ!"

ಪರದೆ ಮೇಲೆ 'ಸುವರ್‌ಣ ದಾಂಪತ್‌ಯ' ಎಂದಿತ್ತು. ಅರ್ಕಾವತ್ತು ಇಲ್ಲ, ಯ ಒತ್ತು ಕೆಳಗೆ ಇಳಿದಿಲ್ಲ. ನಾಲ್ಕು ದಿನದಿಂದ ಅದನ್ನೇ ನೋಡುತ್ತಿದ್ದ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಫಾಂಟ್ ಸರಿಯಿತ್ತು, ಯೂನಿಕೋಡ್ ಸರಿಯಿತ್ತು. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ಮಾಡುವುದು ಆ ಸಾಫ್ಟ್‌ವೇರ್‌ಗೆ ತಾನಾಗಿ ಬರುತ್ತಿರಲಿಲ್ಲ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಭಾರತೀಯ ಲಿಪಿಗಳಿಗೆಂದೇ ಒಂದು ಆಯ್ಕೆ ಇತ್ತು, ಅದನ್ನು ಒತ್ತಿದ ಮೇಲೆ ಸರಿಹೋಯಿತು. ಇಂಗ್ಲಿಷಿಗೆ ಹೀಗೆ ಹುಡುಕಬೇಕಾಗಿಲ್ಲ, ಅಲ್ವಾ? ಅಕ್ಕ ಅಲ್ಲೇ ಕೂತು ಎಲ್ಲ ಹೆಸರುಗಳನ್ನೂ ಪರೀಕ್ಷೆ ಪೇಪರ್ ತಿದ್ದುವ ಹಾಗೆ ನೋಡಿದಳು. ಮತ್ತೆ ಎಕ್ಸ್‌ಪೋರ್ಟ್.

ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ದೊಡ್ಡದಾಯಿತು ಎಂದಿತು. 16 ಜಿಬಿಯ ಖಾಲಿ ಪೆನ್‌ಡ್ರೈವ್, ನನ್ನ ಫೈಲ್ ನಾಲ್ಕೂವರೆ ಜಿಬಿ. ಆದರೆ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಬೇರೆ ಫಾರ್ಮ್ಯಾಟ್ ಮಾಡಿದರೆ ಛತ್ರದ ಟಿವಿ ಓದುತ್ತದೋ ಇಲ್ಲವೋ. ಸೆಕೆಂಡಿಗೆ ಎಷ್ಟು ಡೇಟಾ ಎಂದು ಹೇಳುವ ಬಿಟ್‌ರೇಟನ್ನು 16ರಿಂದ 10 ಎಂಬಿಪಿಎಸ್‌ಗೆ ಇಳಿಸಿದೆ. 3 ಜಿಬಿಯೊಳಗೆ ಬಂತು. ಚಿತ್ರದಲ್ಲಿ ವ್ಯತ್ಯಾಸ ನನಗಂತೂ ಕಾಣಲಿಲ್ಲ.

ಚಿಕ್ಕಪ್ಪ ರಾತ್ರಿ ಬಸ್ಸಿಗೆ ಹೊರಟು ಬಂದೇಬಿಟ್ಟಿದ್ದರು. ವಿಡಿಯೊದಲ್ಲಿ ಅವರ ಸರದಿ ಬಂತು. "ನಮ್ಮತ್ತಿಗೆ ಮಾಡೋ ಹಾಲುಬಾಯಿ" ಎನ್ನುವಷ್ಟರಲ್ಲಿ ಆ ಕೆಟ್ಟ ಫ್ರೇಮ್ ಬಂದು, ಚಿತ್ರ ಎರಡು ಸೆಕೆಂಡ್ ಅಲ್ಲೇ ನಿಂತಿತು. ದೊಡ್ಡ ಟಿವಿಯಲ್ಲಿ ಚಿಕ್ಕಪ್ಪ, ಬಾಯಿ ಇಷ್ಟಗಲ ತೆರೆದುಕೊಂಡು. ಛತ್ರಕ್ಕೆ ಛತ್ರವೇ ನಕ್ಕಿತು. ಅಮ್ಮನಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪಂಕ್ತಿಯಲ್ಲಿ ಚಿಕ್ಕಪ್ಪ ನನ್ನ ಪಕ್ಕ ಕೂತರು.

"ಬೇಕೂಂತಲೇ ಅಲ್ಲಿ ನಿಲ್ಲಿಸಿದೆಯೇನೋ?"

ಹೂಂ ಅಂದೆ.